ಮಂದಾಕಿನಿಗೆ ನುಣುಪು ಹತ್ತಿದ್ದು

ನನ್ನ ಹೆಂಡತಿಯ ಪಿಟೀಲು ಕೇಳಿಸದೆ ಹೋದದ್ದಕ್ಕೆ ಕಾರಣ ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಊರಿನಲ್ಲಿ ಬೇರೆ ಬೇರೆ ಕಾರಣಗಳು ಓಡಾಡುತ್ತಿವೆ. ದೃಷ್ಟಿ ತಾಕಿತು ಎನ್ನುವವರಿದ್ದಾರೆ, ಪಿಟೀಲಿನ ಮರಕ್ಕೆ ಹುಳ ಹಿಡಿದಿತ್ತು ಎನ್ನುವವರೂ ಇದ್ದಾರೆ. ಎರಡೂ ಅಲ್ಲ. ಮರವನ್ನು ನಾನೇ ಭೂತಗನ್ನಡಿ ಹಿಡಿದು ನೋಡಿದ್ದೇನೆ.

ನಮ್ಮೂರಿನಲ್ಲಿ ಒಂದು ಸದ್ದು ಇದ್ದದ್ದು ಇದ್ದಹಾಗೆ ಎರಡನೇ ಸಲ ಬಂದರೆ ಯಾರ ಕಿವಿಗೂ ಬೀಳುವುದಿಲ್ಲ. ಕೂದಲೆಳೆಯಷ್ಟು ಬೇರೆಯಾಗಿದ್ದರೂ ಸಾಕು, ಕೇಳಿಸುತ್ತದೆ. ಮನುಷ್ಯರು, ದನಗಳು, ಗಾಳಿ, ಬಾವಿಯ ರಾಟೆ ಹಿಂದಿನ ಸದ್ದನ್ನೇ ಹಾಗೇ ಮತ್ತೆ ಮಾಡುವುದಿಲ್ಲವಾದ್ದರಿಂದ ನಮಗೆ ದಿನನಿತ್ಯ ತೊಂದರೆಯೇನೂ ಇಲ್ಲ. ಪಾಡೆಲ್ಲ ಯಂತ್ರಗಳದ್ದು. ಫೋನಿನ ರಿಂಗು ಕೊಂಡ ದಿನ ಒಂದು ಸಲ ಕೇಳಿಸಿ ಮುಗಿಯುತ್ತದೆ. ಆಮೇಲೆ ಎಲ್ಲರೂ ಅದನ್ನು ಜೇಬಿನಲ್ಲಿ ನಡುಗಲು ಬಿಡುತ್ತಾರೆ. ನಿಲ್ದಾಣದ ಮೈಕಿನಲ್ಲಿ ಬರುವ ಧ್ವನಿಮುದ್ರಿತ ಪ್ರಕಟಣೆ ಕೇಳಿಸದ ಕಾರಣ ಸ್ಟೇಷನ್ ಮಾಸ್ತರು ಪ್ಲಾಟ್‌ಫಾರ್ಮಿನುದ್ದಕ್ಕೂ ಓಡುತ್ತಾ ಕೂಗುತ್ತಾರೆ. ಒಮ್ಮೆ ಮದುವೆಯೊಂದಕ್ಕೆ ಹೊರಗಿನಿಂದ ಆರ್ಕೆಸ್ಟ್ರಾ ಬಂದಿತ್ತು. ಕೀಬೋರ್ಡಿನವನು ಗುಂಡಿ ಒತ್ತಿ ತಾಳ ಶುರು ಮಾಡಿದ. ಒಂದು ಆವರ್ತ ಕೇಳಿಸಿತು, ಅಷ್ಟೇ. ಅವನು ವೈರು ಎಳೆದು, ಪ್ಲಗ್ಗು ಬಡಿದು, ಬೆವರು ಒರೆಸಿಕೊಳ್ಳುತ್ತಿದ್ದಾಗ ಹೆಣ್ಣಿನ ಸೋದರಮಾವ ಹತ್ತಿರ ಹೋಗಿ, "ಅದು ಹೇಳಬೇಕಾದ್ದು ಹೇಳಿ ಆಯ್ತು ಬಿಡಪ್ಪಾ, ನೀನು ಕೈ ತೊಳ್ಕೊಂಡು ಊಟಕ್ಕೆ ಕೂತ್ಕೋ" ಎಂದರು.

ನಮ್ಮ ಸಂಗೀತ ಹುಟ್ಟಿದ್ದೂ ಇಂಥದೇ ಒಂದು ಸಲದಿಂದ. ಅರವತ್ತೆಂಟು ವರ್ಷಗಳ ಹಿಂದೆ ಸೇತುವೆ ಕಟ್ಟಿಸಲು ಬಂದಿದ್ದ ದೂರದೇಶದ ಇಂಜಿನಿಯರ್ ಒಬ್ಬ ರೈಲ್ವೆ ಬಂಗಲೆಯ ಅಂಗಳದ ಚಪ್ಪಡಿಯ ಮೇಲೆ ಗ್ರಾಮಫೋನ್ ಇಟ್ಟು ಒಂದು ರೆಕಾರ್ಡು ಹಾಕಿದ. ಊರೆಲ್ಲ ನೆರೆದಿತ್ತು. ಒಂದು ಬದಿ, ಆಮೇಲೆ ಇನ್ನೊಂದು ಬದಿ, ಒಟ್ಟು ಆರು ನಿಮಿಷ. ಜನ ಇನ್ನೊಮ್ಮೆ ಹಾಕಿ ಎಂದರು. ಹಾಕಿದ, ತಟ್ಟೆ ತಿರುಗಿತು, ಸದ್ದಿಲ್ಲ. ಯಂತ್ರ ಕೆಟ್ಟಿತೆಂದು ಅವನು ಅದನ್ನು ಬಿಚ್ಚಿ, ಜೋಡಿಸಿ, ಕೊನೆಗೆ ಬೇಸರದಿಂದ ಪೆಟ್ಟಿಗೆಗೆ ಹಾಕಿಕೊಂಡು ಹೋದ. ಊರಿಗೆ ಉಳಿದದ್ದು ಆರು ನಿಮಿಷದ ನೆನಪು ಮತ್ತು ರೆಕಾರ್ಡಿನ ಕವರಿನ ಮೇಲೆ ಕಂಡಿದ್ದ ಚಿತ್ರ. ಅದರಲ್ಲಿ ನಾಲ್ಕು ಜನ ಒತ್ತೊತ್ತಾಗಿ ನಿಂತು ಐದು ತಂತಿಯ ಬ್ಯಾಂಜೊ, ಮ್ಯಾಂಡೊಲಿನ್, ಪಿಟೀಲು ಮತ್ತು ಆಳೆತ್ತರದ ಬಾಸ್ ಹಿಡಿದಿದ್ದರಂತೆ. ಡೋಲು, ತಬಲ ಏನೂ ಇರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ತುಣುಕು ನೆನಪಿತ್ತು. ಜಗಳವಾಡುತ್ತಾ ಜೋಡಿಸಿದರು. ಹಾಡಿನ ಮಾತು ಯಾರಿಗೂ ಅರ್ಥವಾಗಿರಲಿಲ್ಲ, ಹಾಗಾಗಿ ತಮ್ಮ ಮಾತು ತುಂಬಿದರು: ಅತ್ತೆ, ಎಮ್ಮೆ, ಬಾರದ ರೈಲು. ಅಂದಿನ ಎರಡು ಹಾಡು ಈಗ ನಲವತ್ತಾಗಿವೆ. ನಾವು ಅವನ್ನು ರೆಕಾರ್ಡು ಪದ ಎನ್ನುತ್ತೇವೆ. ಪ್ರತಿ ವರ್ಷ ಮಾಘದ ಮೊದಲ ಭಾನುವಾರ ಅದೇ ಚಪ್ಪಡಿಯ ಸುತ್ತ ನಿಂತು ಊರಿನ ತಂಡಗಳೆಲ್ಲ ನುಡಿಸುತ್ತವೆ.

ಬಿ.ಎಸ್ಸಿ. ಓದಲು ಹೊರಗಿನ ಊರಿಗೆ ಹೋದಾಗ ಈ ಸಂಗೀತಕ್ಕೆ ಬ್ಲೂಗ್ರಾಸ್ ಎಂಬ ಹೆಸರಿದೆಯೆಂದು ನನಗೆ ತಿಳಿಯಿತು. ಆ ದೇಶದಲ್ಲಿ ಈಗಿನ ಹುಡುಗ ಹುಡುಗಿಯರೂ ತಂಡ ಕಟ್ಟಿಕೊಂಡು, ಹಳೆಯ ಪದ್ಧತಿಯಂತೆ ಒಂದೇ ಮೈಕಿನ ಮುಂದೆ ಗುಂಪಾಗಿ ನಿಂತು ನುಡಿಸುತ್ತಾರಂತೆ. ಹಾಸ್ಟೆಲಿನ ಗೆಳೆಯನ ಬಳಿ ಅಂಥದೊಂದು ತಂಡದ ಕ್ಯಾಸೆಟ್ಟಿತ್ತು. ಮೊದಲ ಸಲ ಕೇಳಿದಾಗ ಮೈ ಜುಮ್ಮೆಂದಿತು. ತಂತಿಯ ಮೇಲೆ ಉಗುರು ಕೆರೆಯುವುದು, ಹಾಡುವವನು ಸಾಲಿನ ನಡುವೆ ಉಸಿರು ಎಳೆದುಕೊಳ್ಳುವುದು, ಮೂರು ದನಿಗಳು ಒಂದಕ್ಕೊಂದು ಉಜ್ಜಿಕೊಂಡು ಮೇಲಕ್ಕೆ ಏರುವುದು, ಎಲ್ಲ ಹಾಗೇ ಇತ್ತು. ಒರೆಸಿ ನಯ ಮಾಡಲು ಯಾರೂ ಹೋಗಿರಲಿಲ್ಲ. ಅಲ್ಲಿ ಮತ್ತೆ ಹಾಕಿದರೂ ಕೇಳಿಸುತ್ತದಲ್ಲ ಎಂಬ ಸಂತೋಷಕ್ಕೆ ಒಂದೇ ಸಂಜೆ ಅದನ್ನು ಹತ್ತು ಸಲ ಹಾಕಿದೆ. ಹತ್ತನೇ ಸಲ ನಾನು ಕಿಟಕಿಯಾಚೆ ಒಣಗಲು ಹಾಕಿದ್ದ ಬಟ್ಟೆಗಳನ್ನು ಎಣಿಸುತ್ತಿದ್ದೆ. ಅದರಿಂದ ನಾನು ಏನಾದರೂ ಕಲಿಯಬೇಕಿತ್ತು, ಕಲಿಯಲಿಲ್ಲ.

ಓದು ಮುಗಿಸಿ ಬಂದು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆದೆ. ಅಂಗಡಿಗಳ ತಕ್ಕಡಿ, ತೂಕದ ಬಟ್ಟು, ಲೀಟರು ಇವನ್ನು ಪರೀಕ್ಷಿಸಿ ಮುದ್ರೆ ಹಾಕುವುದು ನನ್ನ ಕೆಲಸ. ಒಂದು ಕಿಲೋದ ಬಟ್ಟಿನಲ್ಲಿ ಇಷ್ಟು ಹೆಚ್ಚುಕಡಿಮೆ ಇದ್ದರೆ ಪರವಾಗಿಲ್ಲ ಎಂದು ಕಾನೂನೇ ಒಂದು ಮಿತಿ ಕೊಟ್ಟಿದೆ. ನನಗೆ ಆ ಮಿತಿಯ ಮೇಲೆ ಯಾವಾಗಲೂ ಅಸಮಾಧಾನ. "ನಮ್ಮನೆಯವರು ಉಪ್ಪಿಟ್ಟಿಗೆ ಉಪ್ಪು ಹಾಕೋ ಚಮಚಕ್ಕೂ ಸೀಲ್ ಇದೆಯಾ ಅಂತ ನೋಡ್ತಾರೆ" ಎಂದು ಮಂದಾಕಿನಿ ನೆಂಟರ ಮುಂದೆಲ್ಲ ಹೇಳುತ್ತಿದ್ದಳು.

ನಮ್ಮ ತಂಡ ಶುರುವಾಗಿ ಆರು ವರ್ಷ. ಬ್ಯಾಂಜೊ ಬಸಲಿಂಗನದು, ಅವನಿಗೆ ಸೈಕಲ್ ರಿಪೇರಿ ಅಂಗಡಿಯಿದೆ. ತಮಟೆಯ ಬಳೆಗೆ ಮೇಕೆಯ ಚರ್ಮ ಬಿಗಿದು, ಹಿಡಿ ಜೋಡಿಸಿ, ಬ್ರೇಕ್ ತಂತಿಯ ಎಳೆ ಬಿಚ್ಚಿ ಕಟ್ಟಿ ಅವನೇ ಮಾಡಿಕೊಂಡ ಬ್ಯಾಂಜೊ ಅದು. ಮ್ಯಾಂಡೊಲಿನ್ ನುಡಿಸಿ ಹಾಡುವವಳು ಫಿಲೋಮಿನಾ, ಆಸ್ಪತ್ರೆಯಲ್ಲಿ ನರ್ಸು. ಇಬ್ಬರಿಗೂ ಇನ್ನೂ ಮೂವತ್ತಾಗಿಲ್ಲ. ಮಂದಾಕಿನಿಯ ಪಿಟೀಲು ಕೇಳಿಯೇ ಅವರು ನಮ್ಮ ಮನೆಗೆ ಬಂದದ್ದು. ನಾನು ಬಾಸ್ ಹಿಡಿದದ್ದು ಬೇರೆ ಯಾರೂ ಸಿಗಲಿಲ್ಲವೆಂದು. ಇಷ್ಟು ಹಳೆಯ ಪದಗಳೇ ಯಾಕೆ ಬೇಕು ನಿಮಗೆ ಎಂದು ಒಮ್ಮೆ ಕೇಳಿದ್ದೆ. ಬಸಲಿಂಗ ಸ್ವಲ್ಪ ಯೋಚಿಸಿ, "ಇದ್ರಲ್ಲಿ ಬಚ್ಚಿಟ್ಕೊಳ್ಳೋಕೆ ಜಾಗ ಇಲ್ಲ ಸಾರ್" ಎಂದ. "ನಾನು ಬೇಜಾರಲ್ಲಿದ್ರೆ ಬೇಜಾರೇ ಬರುತ್ತೆ. ನಿದ್ದೆಗೆಟ್ಟಿದ್ರೆ ಅದೂ ಗೊತ್ತಾಗುತ್ತೆ." ಫಿಲೋಮಿನಾ ನಕ್ಕು, "ಇವ್ನು ಪಂಕ್ಚರ್ ಹಾಕಿ ಕೈ ತೊಳೀದೆ ಬಂದ್ರೂ ಗೊತ್ತಾಗುತ್ತೆ" ಎಂದಳು.

ಮಂದಾಕಿನಿಯದು ತಾಯಿಯಿಂದ ಬಂದ ಒರಟು ಕೈ. ಸ್ವರವನ್ನು ನೇರವಾಗಿ ಹಿಡಿಯುತ್ತಿರಲಿಲ್ಲ; ಕೆಳಗಿನಿಂದ ಜಾರಿಕೊಂಡು ಹೋಗಿ ಅದರ ಕಾಲು ಹಿಡಿಯುತ್ತಿದ್ದಳು. ಸಾಲಿನ ಕೊನೆ ಹತ್ತಿರ ಬಂದರೆ ಕೊಟ್ಟಿಗೆ ಕಂಡ ಹಸುವಿನ ಹಾಗೆ ಓಡುತ್ತಿದ್ದಳು. ಹೋದ ವರ್ಷ ಅಂಗಳದಲ್ಲಿ ನುಡಿಸಿ ಮುಗಿಸಿದಾಗ ಇನ್ನೊಂದು ತಂಡದ ಹಿರಿಯರಾದ ಪರಶಿವಯ್ಯನವರು ಎಲ್ಲರೆದುರಿಗೆ, "ಏನಮ್ಮಾ, ನಿನ್ನ ಪಿಟೀಲಿಗೆ ಮೂಗುದಾರ ಹಾಕಿಸು, ನಿನ್ನನ್ನೇ ಎಳಕೊಂಡು ಹೋಗುತ್ತೆ" ಎಂದರು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಮನೆಗೆ ಬಂದು ಸೀರೆ ಮಡಿಸುತ್ತಾ, "ನಾನು ಓಡ್ತೀನೇನ್ರೀ?" ಎಂದು ಕೇಳಿದಳು. ಓಡಿದರೆ ಓಡು ಎನ್ನಬೇಕಿತ್ತು ನಾನು. "ಪ್ರತಿ ಸಾಲಿನ ಕೊನೆಗೆ ಕಾಲು ಸೆಕೆಂಡು" ಎಂದೆ.

"ಹಾಗಾದ್ರೆ ಸರಿ ಮಾಡೋದು ಹೇಳ್ಕೊಡಿ" ಎಂದಳು. ಅಂದು ನಾನು ಅದನ್ನು ಅಲ್ಲಿಗೇ ಬಿಟ್ಟೆ, ಆದರೆ ಪರಶಿವಯ್ಯನವರ ಮಾತು ಅವಳಲ್ಲಿ ಎಷ್ಟೋ ತಿಂಗಳು ಕುಳಿತಿತ್ತೆಂದು ಕಾಣುತ್ತದೆ. ಭಾದ್ರಪದದಲ್ಲಿ ಒಂದು ದಿನ ಮತ್ತೆ ಕೇಳಿದಳು, ನಾನು ಒಪ್ಪಿದೆ. ತಾಳ ಹೇಳುವ ಯಂತ್ರದ ಟಿಕ್ ನಮ್ಮೂರಿನಲ್ಲಿ ಮೊದಲನೆಯದೊಂದೇ ಕೇಳಿಸುವುದು. ಹಾಗಾಗಿ ಕಣ್ಣಿಗೆ ಕಾಣುವ ತಾಳ ಮಾಡಿದೆ. ಗಾರೆ ಕೆಲಸದವರ ತೂಗುಗುಂಡನ್ನು ಇಪ್ಪತ್ತೈದು ಸೆಂಟಿಮೀಟರಿಗೆ ತುಸು ಕಡಿಮೆ ದಾರಕ್ಕೆ ಕಟ್ಟಿ ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ನೇತುಹಾಕಿದೆ. ಆ ಉದ್ದಕ್ಕೆ ಅದು ಅತ್ತ ಅರ್ಧ ಸೆಕೆಂಡು, ಇತ್ತ ಅರ್ಧ ಸೆಕೆಂಡು ತೂಗುತ್ತದೆ. ಪಿಟೀಲಿನ ಕತ್ತಿನ ಮೇಲೆ ಬೆರಳಿಡುವ ಜಾಗಕ್ಕೆಲ್ಲ ದಾರ ಅಂಟಿಸಿದೆ. ಕಮಾನಿನ ಮೇಲೆ ಶಾಯಿಯಿಂದ ಗುರುತು ಹಾಕಿದೆ. ಮನುಷ್ಯನ ಕೈ ಯಾವತ್ತೂ ಎರಡು ಸಲ ಒಂದೇ ಸದ್ದು ಮಾಡಲಾರದು, ಆದ್ದರಿಂದ ಅಪಾಯವಿಲ್ಲ ಎಂದು ನನ್ನ ಲೆಕ್ಕ. ಮೂರು ತಿಂಗಳು, ದಿನಕ್ಕೆ ಎರಡು ಗಂಟೆ, ನಾಲ್ಕು ಹಾಡು. ಅವಳು ಎಂಥ ಶ್ರದ್ಧೆಯವಳೆಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಮಾರ್ಗಶಿರದ ಒಂದು ಗುರುವಾರ ಬೆಳಿಗ್ಗೆ ನಾನು ಶೇವ್ ಮಾಡಿಕೊಳ್ಳುತ್ತಿದ್ದೆ. ಬಾರದ ರೈಲಿನ ಪದ ನಡೆಯುತ್ತಿತ್ತು. ಎರಡನೇ ಸಾಲಿನ ನಡುವೆ ಪಿಟೀಲು ನಿಂತಿತು. ಹಾಲು ಉಕ್ಕಿತೇನೋ ಎಂದುಕೊಂಡು ಒಳಗೆ ಬಂದು ನೋಡಿದರೆ ಮಂದಾಕಿನಿ ನುಡಿಸುತ್ತಲೇ ಇದ್ದಳು. ಕಮಾನು ಹೋಗುತ್ತಿತ್ತು, ಬರುತ್ತಿತ್ತು, ಬೆರಳುಗಳು ದಾರದ ಗುರುತುಗಳ ಮೇಲೆಯೇ ಬೀಳುತ್ತಿದ್ದವು. ಸದ್ದಿಲ್ಲ. ಅವಳು ಹಾಡು ಮುಗಿಸಿ, ನನ್ನ ಸಾಬೂನಿನ ಮುಖ ನೋಡಿ, "ಇದೇ ತಾನೆ ನೀವು ಕೇಳಿದ್ದು?" ಎಂದು ನಗಲು ನೋಡಿದಳು. ಆಮೇಲೆ ಒಲೆಯ ಹತ್ತಿರ ಹೋಗಿ ನಿಂತಳು, ಮಾಡಲು ಏನೂ ಕೆಲಸವಿಲ್ಲದಿದ್ದರೂ.

ಊರಿನವರು ಇದಕ್ಕೆ ನುಣುಪು ಹತ್ತುವುದು ಎನ್ನುತ್ತಾರೆ. ಅಪರೂಪದ ಕಾಯಿಲೆ. ಹಿಂದೆ ಒಬ್ಬ ಪುರೋಹಿತರಿಗೆ ಹತ್ತಿ, ಅವರ ಮಂತ್ರ ಯಾರಿಗೂ ಕೇಳಿಸದೆ, ಪಕ್ಕದ ಊರಿಗೆ ಮನೆ ಬದಲಿಸಿದರಂತೆ. ಸುದ್ದಿ ಹರಡಿದ ದಿನವೇ ಅಕ್ಕಪಕ್ಕದವರು ಬಾಣಂತಿಗೆ ತರುವ ಹಾಗೆ ಸಾರು, ಪಲ್ಯ ತಂದರು. "ನಿನಗೇ ಯಾಕೆ ಬಂತೇ ಇದು, ನಿನ್ನ ರೊಟ್ಟಿ ಕೂಡ ಗುಂಡಗಿರಲ್ಲ" ಎಂದು ಎದುರುಮನೆಯವಳು ಕಣ್ಣೊರೆಸಿಕೊಂಡಳು.

ನಾನು ಪ್ರಯೋಗಕ್ಕೆ ತೊಡಗಿದೆ. ತಂತಿ ಬದಲಿಸಿದರೆ ಒಂದು ದಿನ ಕೇಳಿಸಿತು, ಮರುದಿನ ಇಲ್ಲ. ತೂಗುಗುಂಡಿನ ದಾರದ ಉದ್ದ ಅರ್ಧ ಸೆಂಟಿಮೀಟರ್ ಹೆಚ್ಚಿಸಿದರೆ ಮತ್ತೊಂದು ದಿನ. ಬೇರೆ ಕಮಾನು, ಅರ್ಧ ದಿನ. ಬೇಕೆಂದೇ ತಪ್ಪಾಗಿ ನುಡಿಸು ಎಂದೆ. ನುಡಿಸಿದಳು, ಕೇಳಿಸಿತು, ಆದರೆ ಅದು ಕೋತಿಚೇಷ್ಟೆಯಾಗಿತ್ತೇ ಹೊರತು ಹಾಡಾಗಿರಲಿಲ್ಲ. ಹಾಡಿಗೆ ಮರಳಿದ ಕೂಡಲೇ ಕೈಗಳು ಕಲಿತ ದಾರಿಯನ್ನೇ ಹಿಡಿಯುತ್ತಿದ್ದವು. ದಾರ, ತಂತಿ, ಕಮಾನು ಸೇರಿಸಿ ಹೀಗೆ ಬದಲಿಸುತ್ತಾ ಹೋದರೆ ಒಂಬತ್ತು ವರ್ಷ ಸಾಗಿಸಬಹುದು ಎಂದು ಕಾಗದದ ಮೇಲೆ ತೋರಿಸಿದೆ. ಅವಳು ಕಾಗದವನ್ನು ಪೂರ್ತಿ ಓದಿದಳು. "ನನಗೆ ಔಷಧಿ ಹಾಗೆ ದಿನಕ್ಕೊಂದು ಡೋಸ್ ಬೇಡ" ಎಂದಳು. "ಮೊದಲು ಅದು ನನ್ನದಾಗಿತ್ತು ಕಣ್ರೀ. ಒರಟೋ ನಯವೋ, ನುಡಿಸಿದ್ರೆ ನಮ್ಮಮ್ಮ ಪಕ್ಕದಲ್ಲಿ ಕೂತ ಹಾಗಿರ್ತಿತ್ತು. ಈಗ ನೀವು ಕೂತಿದೀರ." ಆಮೇಲೆ ಪಿಟೀಲನ್ನು ಪೆಟ್ಟಿಗೆಗೆ ಹಾಕಿ ಬೀರುವಿನ ಮೇಲಿಟ್ಟಳು. ನಾನು ಅಂದೇ ಗುಂಡನ್ನು ಬಿಚ್ಚಿ ಗಾರೆಯವನಿಗೆ ಕೊಟ್ಟುಬಂದೆ. ದಾರಗಳನ್ನು ಕಿತ್ತೆ. ಏನೂ ಬದಲಾಗಲಿಲ್ಲ.

ಪುಷ್ಯದಲ್ಲಿ ತಿಪ್ಪಕ್ಕನ ಬಳಿ ಹೋದೆ. ಅಂದು ಅಂಗಳದಲ್ಲಿ ರೆಕಾರ್ಡು ಕೇಳಿದವರಲ್ಲಿ ಉಳಿದಿರುವವಳು ಅವಳೊಬ್ಬಳೇ. ಆಗ ಅವಳಿಗೆ ಒಂಬತ್ತು ವರ್ಷ. ಯಾವ ಹಾಡಿನ ಬಗ್ಗೆ ತಕರಾರು ಬಂದರೂ ಊರಿನವರು ಅವಳನ್ನೇ ಕೇಳುತ್ತಾರೆ, ಅವಳು ಪ್ರತಿ ಸಲವೂ ಬೇರೆ ಉತ್ತರ ಕೊಡುತ್ತಾಳೆ. ಕಡಲೆಕಾಯಿ ಸುಲಿಯುತ್ತಾ ಕೂತಿದ್ದಳು.

"ಇನ್‌ಸ್ಪೆಕ್ಟ್ರು ಬಂದ್ರು, ಸೇರು ಮುಚ್ಚಿಡ್ರೇ" ಎಂದು ಒಳಗೆ ಕೂಗಿದಳು.

"ಇಲ್ಲ ತಿಪ್ಪಕ್ಕ, ಬೇರೆ ವಿಷಯ. ಅವತ್ತು ರೆಕಾರ್ಡಿನಲ್ಲಿ ಪಿಟೀಲು ಹೇಗಿತ್ತು ಅಂತ ಸರಿಯಾಗಿ ಹೇಳ್ತೀಯಾ?"

"ಸರಿಯಾಗಿ ಅಂದ್ರೆ?"

"ಸ್ವರ ಎಲ್ಲಿ ಶುರುವಾಯ್ತು, ಎಷ್ಟು ಹೊತ್ತು ಹಿಡಿದ..."

"ಅಯ್ಯೋ, ಅದ್ಯಾವನಿಗೆ ನೆಪ್ಪದೆ? ನಂಗೆ ನೆಪ್ಪಿರೋದು ಒಂದೇ. ಪಿಟೀಲಿನೋನು ಬರೋದು ತಡ ಆಯ್ತು. ಅವನ ಸರದಿ ಬಂದದೆ, ಅವನು ಬಂದಿಲ್ಲ. ಆವಾಗ ಮಿಕ್ಕೋರು ಅಲ್ಲೇ ಕಾಲಾಡಿಸ್ಕೊಂಡು ಕಾಯ್ತಾವ್ರೆ. ಒಬ್ಬ ಆ ಕಡೆಯಿಂದ ಏನೋ ಕೂಗ್ದ, ಬಾರೋ ಮಾರಾಯ ಅನ್ನೋ ಹಾಗೆ. ಆಮೇಲೆ ಬಂದ ನೋಡು ಅವನು!" ಅವಳು ಸಿಪ್ಪೆಯ ಕೈಯಿಂದಲೇ ಗಾಳಿಯಲ್ಲಿ ಕಮಾನು ಎಳೆದು ತೋರಿಸಿದಳು. "ಅವರು ಒಬ್ಬರ ಮಕ ಒಬ್ಬರು ನೋಡ್ತಾವ್ರೆ ಅಂತ ಆ ತಟ್ಟೇಲೂ ಗೊತ್ತಾಗ್ತಿತ್ತು ಮಗಾ."

ಇದನ್ನು ಬಸಲಿಂಗನಿಗೂ ಫಿಲೋಮಿನಾಳಿಗೂ ಹೇಳಿದೆ. ಅವರಿಬ್ಬರೂ ಅಷ್ಟರಲ್ಲಿ ತಮ್ಮಷ್ಟಕ್ಕೆ ಒಂದು ತೀರ್ಮಾನಕ್ಕೆ ಬಂದಿದ್ದರು. ಮಾಘ ಹತ್ತಿರವಾದಾಗ ಒಂದು ಸಂಜೆ ಮನೆಗೆ ಬಂದು ಮಂದಾಕಿನಿಯ ಎದುರು ಕುಳಿತರು.

"ಅಕ್ಕಾ, ನೀವು ಬರ್ಬೇಕು" ಎಂದಳು ಫಿಲೋಮಿನಾ.

"ಬಂದು? ಗೊಂಬೆ ಹಾಗೆ ನಿಂತ್ಕೊಳ್ಲಾ?"

"ನಿಂತ್ಕೊಳ್ಳಿ. ನಿಮ್ಮ ಸರದಿ ಬಂದಾಗ ಮುಂದೆ ಬಂದು ನುಡಿಸಿ. ಕೇಳಿಸುತ್ತೋ ಬಿಡುತ್ತೋ, ತಾಳದ ಹದಿನಾರು ಏಟು ನಾವು ಜಾಗ ಬಿಡ್ತೀವಿ."

"ಜನ ಏನಂತಾರೆ?"

"ಜನಕ್ಕೆ ಹದಿನಾರು ಏಟು ಸುಮ್ನಿರೋಕೆ ಬರಲ್ವಾ ಅಕ್ಕಾ? ಆಸ್ಪತ್ರೇಲಿ ಮಾತು ನಿಂತೋರ ಪಕ್ಕ ನಾನು ದಿನಾ ಕೂರ್ತೀನಿ. ಅವರ ಸರದಿ ಬಂದಾಗ ಕಾಯ್ತೀನಿ. ನಂದೇನೂ ಸವೆದುಹೋಗಿಲ್ಲ."

ಬಸಲಿಂಗ ತಲೆ ಬಗ್ಗಿಸಿಕೊಂಡು, "ನೀವಿಲ್ದೆ ನಾವು ಮೂರೇ ಜನ ಅಂದ್ರೆ ಆಗಲ್ಲ ಅಕ್ಕಾ. ಸಾರ್ ಜೊತೆ ನಿಂತ್ರೆ ಆಡಿಟ್‌ಗೆ ನಿಂತ ಹಾಗಾಗುತ್ತೆ" ಎಂದ. ಎರಡು ತಿಂಗಳಲ್ಲಿ ಮೊದಲ ಸಲ ಮಂದಾಕಿನಿ ಜೋರಾಗಿ ನಕ್ಕಳು. ಬರುತ್ತೇನೆಂದು ಹೇಳಲಿಲ್ಲ. ಆದರೆ ಭಾನುವಾರ ಬೆಳಿಗ್ಗೆ ಬೀರುವಿನ ಮೇಲಿಂದ ಪೆಟ್ಟಿಗೆ ಇಳಿಸಿದಳು.

ಅಂಗಳ ತುಂಬಿತ್ತು. ಎಳೆ ಬಿಸಿಲು. ಚಪ್ಪಡಿಯ ಸುತ್ತ ನಾಲ್ವರೂ ಭುಜಕ್ಕೆ ಭುಜ ತಾಗುವ ಹಾಗೆ ನಿಂತೆವು. ನಮ್ಮ ಪದ್ಧತಿಯಲ್ಲಿ ಸರದಿ ಬಂದವರು ಚಪ್ಪಡಿಯ ಅಂಚಿಗೆ ಒಂದು ಹೆಜ್ಜೆ ಮುಂದೆ ಬರುತ್ತಾರೆ, ಉಳಿದವರು ಅರ್ಧ ಹೆಜ್ಜೆ ಹಿಂದೆ ಸರಿಯುತ್ತಾರೆ. ಯಾರದೋ ಮೊಣಕೈ ಯಾರದೋ ಪಕ್ಕೆಗೆ ತಾಕುತ್ತದೆ, ಹಾಗೆ ತಾಕಲೇಬೇಕು. ಬಾರದ ರೈಲಿನ ಪದ ಎತ್ತಿಕೊಂಡೆವು. ಫಿಲೋಮಿನಾ ಮೇಲಿನ ದನಿಯಲ್ಲಿ ಹಾಡಿದಳು, ಗಂಟಲು ಎರಡು ಕಡೆ ಒಡೆಯಿತು, ಜನ ಅಲ್ಲಿಯೇ ಹೋ ಎಂದರು. ಬಸಲಿಂಗನ ಸರದಿ ಬಂತು. ಬ್ಯಾಂಜೊ ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ ಉದುರಿತು. ಆಮೇಲೆ ಮಂದಾಕಿನಿ ಮುಂದೆ ಬಂದಳು.

ಕಮಾನು ಏರಿತು. ಏನೂ ಕೇಳಿಸಲಿಲ್ಲ. ಬಸಲಿಂಗ, ಫಿಲೋಮಿನಾ ಇಬ್ಬರೂ ಹೇಳಿದ್ದ ಹಾಗೆ ಕೈ ತಗ್ಗಿಸಿದರು. ಅಂಗಳದಲ್ಲಿ ನನ್ನ ಬಾಸ್ ಮಾತ್ರ ಹೆಜ್ಜೆ ಹಾಕುತ್ತಿತ್ತು. ಜನ ನಿಜವಾಗಿಯೂ ಸುಮ್ಮನಿದ್ದರು. ಪರಶಿವಯ್ಯನವರು ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. ನಾನು ಸಾಮಾನ್ಯವಾಗಿ ನನ್ನ ಎಡಗೈ ನೋಡುತ್ತಾ ನುಡಿಸುವವನು. ಅಂದು ತಲೆಯೆತ್ತಿ ಅವಳ ಮುಖ ನೋಡಿದೆ. ಕಿವಿಯ ಹತ್ತಿರದ ನರೆಗೂದಲು ಬೆವರಿಗೆ ಅಂಟಿತ್ತು. ಕಣ್ಣು ನೆಲದ ಕಡೆಗಿತ್ತು. ತುಟಿ ಅಲುಗುತ್ತಿತ್ತು. ಹಾಡುತ್ತಿದ್ದಾಳೆಂದುಕೊಂಡೆ. ಇಲ್ಲ, ಎಣಿಸುತ್ತಿದ್ದಳು. ಒಂದು ಎರಡು ಮೂರು ನಾಲ್ಕು. ನಾನು ಕಲಿಸಿದ ಹಾಗೆಯೇ, ನನ್ನ ಎಣಿಕೆಯನ್ನೇ, ಆ ನಾನೂರು ಜನರ ಮುಂದೆ, ಸದ್ದಿಲ್ಲದೆ, ಒಂದೂ ತಪ್ಪದೆ.

ನನ್ನ ಕೈ ನಿಂತಿತು. ನಿಂತದ್ದು ನನಗೆ ಗೊತ್ತಾಗಲಿಲ್ಲ.

ಕೆಳಗಿನ ಮೆಟ್ಟಿಲು ಇದೆಯೆಂದು ಕಾಲಿಟ್ಟವಳಿಗೆ ಮೆಟ್ಟಿಲು ಸಿಗದೆ ಹೋದ ಹಾಗೆ ಮಂದಾಕಿನಿ ಬೆಚ್ಚಿ ತಲೆಯೆತ್ತಿದಳು. ನನ್ನನ್ನು ನೋಡಿದಳು. "ರೀ, ಏನಾಯ್ತು?" ಎಂದಳು, ಎಲ್ಲರಿಗೂ ಕೇಳುವಂತೆ. ನನ್ನ ಮುಖದಲ್ಲಿ ಏನು ಕಂಡಳೋ ತಿಳಿಯದು. ಕಮಾನು ಮಾತ್ರ ನಿಂತಿರಲಿಲ್ಲ, ನನಗಾಗಿ ಕಾಯುತ್ತಾ ಒಂದೇ ತಂತಿಯ ಮೇಲೆ ಎಳೆಯುತ್ತಿತ್ತು, ಆ ಎಳೆತ ಕೇಳಿಸಿತು. ಮೊದಲು ಬಾಗಿಲ ತಿರುಗಣಿಯ ಹಾಗೆ ಕಿರುಗುಟ್ಟಿ, ಆಮೇಲೆ ಮೆಲ್ಲಗೆ ಮೇಲಕ್ಕೆ ಜಾರುತ್ತಾ. ನಾನು ಗಾಬರಿಯಿಂದ ತಂತಿಗೆ ಕೈ ಹಾಕಿದೆ, ಎಲ್ಲೋ ತಪ್ಪು ಏಟಿನಲ್ಲಿ ಒಳಬಂದೆ. ಅವಳು ಅಲ್ಲಿಗೆ ಹಾರಿ ನನ್ನನ್ನು ಹಿಡಿದಳು. ನಾನು ಮತ್ತೆ ತಪ್ಪಿದೆ, ಮತ್ತೆ ಹಿಡಿದಳು. ಬಸಲಿಂಗ ಕೇಕೆ ಹಾಕಿದ. ಹದಿನಾರು ಏಟು ಆಗಲೇ ಮುಗಿದಿತ್ತು. "ಬಾ ನನ್ನವ್ವಾ, ಬಾ ಬಾ" ಎಂದು ತಿಪ್ಪಕ್ಕ ಹಿಂದಿನಿಂದ ಕೂಗುತ್ತಿದ್ದಳು. ನಡುವೆ ಎರಡು ಸಾಲು ಮತ್ತೆ ಮಾಯವಾದವು, ಕಮಾನಷ್ಟೇ ಕಂಡಿತು; ಆಗ ಅವಳು ನೆಲ ನೋಡದೆ ಫಿಲೋಮಿನಾಳ ಮುಖ ನೋಡಿದಳು, ಅಲ್ಲಿಂದ ಏನನ್ನೋ ಎತ್ತಿಕೊಂಡವಳಂತೆ ಮತ್ತೆ ಬಂದಳು. ಕೊನೆಯ ಸಾಲಿನಲ್ಲಿ ಓಡಿದಳು. ಎಷ್ಟು ಓಡಿದಳೆಂದು ನಾನು ಅಳೆಯಲಿಲ್ಲ.

ಬಹುಮಾನ ಪರಶಿವಯ್ಯನವರ ತಂಡಕ್ಕೆ ಹೋಯಿತು. ನಡುದಾರಿಯಲ್ಲಿ ಬಾಸ್ ನಿಂತುಹೋದ ತಂಡಕ್ಕೆ ಯಾರು ಕೊಡುತ್ತಾರೆ.

ನಾನೂ ಮಂದಾಕಿನಿಯೂ ಮನೆಗೆ ನಡೆದು ಹೊರಟೆವು. ಅಕ್ಕಿ ಗಿರಣಿ ದಾಟಿದ ಮೇಲೆ, "ಬೇಕಂತ ನಿಲ್ಲಿಸಿದ್ರಾ?" ಎಂದು ಕೇಳಿದಳು.

ಹೌದೆಂದಿದ್ದರೆ ಜಾಣನೆನಿಸಿಕೊಳ್ಳುತ್ತಿದ್ದೆ. "ಇಲ್ಲ" ಎಂದೆ. "ನಿನ್ನ ಮುಖ ನೋಡ್ತಾ ಮರೆತುಹೋಯ್ತು."

"ಇಪ್ಪತ್ತೆರಡು ವರ್ಷದಿಂದ ಇದೇ ಮುಖ."

"ಅಲ್ಲ" ಎಂದೆ.

ಅವಳು ನಿಂತು, ಪಿಟೀಲಿನ ಪೆಟ್ಟಿಗೆಯನ್ನು ಆ ಹೆಗಲಿನಿಂದ ಈ ಹೆಗಲಿಗೆ ಬದಲಿಸಿಕೊಂಡಳು. "ನಾಳೆ ಆಫೀಸಿಂದ ಬೇಗ ಬನ್ನಿ" ಎಂದಳು. "ಎದುರಿಗೆ ಕೂತ್ಕೊಳ್ಳಿ, ನುಡಿಸದಿದ್ರೂ ಪರವಾಗಿಲ್ಲ. ಇನ್ನೂ ಮೂರು ಹಾಡು ವಾಪಸ್ ಬರಬೇಕು."